ಐದನೆಯ ಸಂಪುಟದ ಹೊಗೆ

ಆ ಐದನೆಯ ಸಂಪುಟವನ್ನು ನಾನು ಮೂರು ಸಲ ಓದಿದೆ. ಇಷ್ಟಪಟ್ಟು ಓದಿದ್ದಲ್ಲ. ಮೊದಲ ಸಲ ಓದಿದ್ದು ಮಗಳು ಕೇಳಿಕೊಂಡಳೆಂದು. ಎರಡನೆಯ ಸಲ, ನಾನು ಓದಿದ್ದು ಸರಿಯೇ ಎಂದು ನೋಡಿಕೊಳ್ಳಲು. ಮೂರನೆಯ ಸಲ ಬರೀ ಸಿಟ್ಟಿಗೆ. ಅಂಥ ಪುಸ್ತಕವೊಂದು ನನ್ನ ಅಡುಗೆಮನೆಯ ಕಟ್ಟೆಯ ಮೇಲೆ, ಜೋಳದ ಹಿಟ್ಟಿನ ಡಬ್ಬಿಯ ಪಕ್ಕ, ಮೂರು ದಿನ ಕೂತಿತ್ತು ಎನ್ನುವುದೇ ನನಗೆ ಈಗಲೂ ಸರಿಬರುವುದಿಲ್ಲ.

ಅದು ಚಿತ್ರಗಳಲ್ಲಿ ಹೇಳಿದ ಇಂಗ್ಲಿಷ್ ಕಥೆ. ಎಲ್ಲೂ ಇಲ್ಲದ ಒಂದು ಗುಡ್ಡಗಾಡು, ಅಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗಿ. ಅವಳ ಎಡಗಣ್ಣಿಗೆ ನೆಲದೊಳಗಿನ ದಾರಿಗಳು ಕಾಣುತ್ತವೆ. ಉಪ್ಪಿನ ಕೋಟೆಯ ದೊರೆಗೆ ಆ ಕಣ್ಣು ಬೇಕು. ನಾಲ್ಕು ಸಂಪುಟಗಳ ತನಕ ಹುಡುಗಿ ಓಡುತ್ತಾಳೆ, ಅಡಗುತ್ತಾಳೆ, ಒಂಟಿ ಕೋಡಿನ ದೊಡ್ಡದೊಂದು ಪ್ರಾಣಿಯನ್ನು ಪಳಗಿಸುತ್ತಾಳೆ, ಮೂವರು ಗೆಳೆಯರನ್ನು ಸಂಪಾದಿಸುತ್ತಾಳೆ. ಐದನೆಯದರಲ್ಲಿ ಊರಿಗೆ ಮರಳುತ್ತಾಳೆ. ಅವಳ ಅವ್ವ ಬಾಗಿಲಲ್ಲಿ ನಿಂತಿರುತ್ತಾಳೆ. ಆ ಅವ್ವ ಅಲ್ಲಿಂದ ಮುಂದೆ ಒಂಬತ್ತು ಪುಟ ಬದುಕುತ್ತಾಳೆ.

ಇದೆಲ್ಲ ನನ್ನ ತನಕ ಬಂದದ್ದು ಹೇಗೆ ಎಂದು ಹೇಳಬೇಕು.

ನಾವಿರುವುದು ರೋಣದಲ್ಲಿ. ನಮ್ಮ ಮನೆಯವರದು ಬೀಜ, ಗೊಬ್ಬರದ ಅಂಗಡಿ. ಮಗಳು ಐದನೆಯ ಇಯತ್ತೆಯ ತನಕ ಇಲ್ಲಿಯ ಕನ್ನಡ ಶಾಲೆಯಲ್ಲಿ ಓದಿದಳು. ಆಮೇಲೆ ಗಜೇಂದ್ರಗಡದ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹಾಕಿದೆವು. ಹಾಕಿದವಳು ನಾನು ಎಂದೇ ಹೇಳಬೇಕು. ನರಗುಂದದ ತವರಿನಿಂದ ಹತ್ತನೆಯ ವರ್ಷಕ್ಕೇ ಸಿಸ್ಟರುಗಳ ಕಾನ್ವೆಂಟಿನ ಹಾಸ್ಟೆಲ್ಲಿಗೆ ಹೋದವಳು ನಾನು. ಅಲ್ಲಿ ಕಲಿತ ಇಂಗ್ಲಿಷು ಮದುವೆಯಾದ ಮೇಲೆ ಔಷಧಿ ಬಾಟಲಿಗಳ ಮೇಲಿನ ಚೀಟಿ ಓದುವುದಕ್ಕೆ ಮಾತ್ರ ಬಳಕೆಯಾಗುತ್ತಿತ್ತು. ಮಗಳಿಗಾದರೂ ಹೆಚ್ಚಿನದಕ್ಕೆ ಬರಲಿ ಎಂದು ನನ್ನ ಹಟ.

ಎರಡು ವರ್ಷ ಅವಳು ಆ ಶಾಲೆಯಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲ. ಅವಳು ಹೇಳಲಿಲ್ಲ, ನನಗೆ ಊಟದ ಡಬ್ಬಿ ಹೇಳಿತು. ಒಬ್ಬರೇ ಕೂತು ಉಣ್ಣುವ ಮಕ್ಕಳ ಡಬ್ಬಿ ಬೇರೆಯೇ ಇರುತ್ತದೆ. ಅದರ ಮುಚ್ಚಳದಲ್ಲಿ ಬೇರೆಯವರ ಮನೆಯ ಪಲ್ಯದ ಬಣ್ಣ ಇರುವುದಿಲ್ಲ. ಎಂಟನೆಯ ಇಯತ್ತೆಗೆ ಹೋದ ಎರಡನೆಯ ವಾರ ಮುಚ್ಚಳದ ಒಳಗೆ ಬೀಟ್‌ರೂಟಿನ ಕೆಂಪು ಹತ್ತಿಕೊಂಡಿತ್ತು. ನಾವು ಮನೆಯಲ್ಲಿ ಬೀಟ್‌ರೂಟು ಮಾಡುವುದಿಲ್ಲ. ಆ ಮುಚ್ಚಳವನ್ನು ತೊಳೆಯದೆ ಸ್ವಲ್ಪ ಹೊತ್ತು ಹಾಗೇ ಹಿಡಿದು ನಿಂತಿದ್ದೆ.

ಇಬ್ಬರು ಗೆಳತಿಯರು ಸಿಕ್ಕಿದ್ದರು. ಒಬ್ಬಳು ಗಜೇಂದ್ರಗಡದ ಸೀರೆ ವ್ಯಾಪಾರಿಗಳ ಮಗಳು, ಉದ್ದ ಹುಡುಗಿ, ನಿಧಾನದವಳು. ಇನ್ನೊಬ್ಬಳು ಕಾಲೇಜಿನ ಲೆಕ್ಚರರ್ ಒಬ್ಬರ ಮಗಳು, ಕುಳ್ಳಿ, ಬಾಯಿ ಜೋರು. ಮೂವರನ್ನೂ ಸೇರಿಸಿದ್ದು ಈ ಚಿತ್ರಕಥೆ. ಸೀರೆಯವರ ಮಗಳಿಗೆ ಅವಳ ಸೋದರಮಾವ ಸಂಪುಟಗಳನ್ನು ತರಿಸಿಕೊಡುತ್ತಿದ್ದ. ಒಬ್ಬೊಬ್ಬರ ಮನೆಯಲ್ಲಿ ಮೂರು ದಿನ, ಖಾಕಿ ಹಾಳೆಯ ಹೊದಿಕೆ, ಪುಟ ಮಡಚುವಂತಿಲ್ಲ, ಉಣ್ಣುತ್ತ ಓದುವಂತಿಲ್ಲ ಎಂದು ಅವರಲ್ಲೇ ಕರಾರು.

ಅರ್ಧ ವರ್ಷ ಕಳೆದಿತ್ತು. ಶಾಲೆಯಲ್ಲಿ ಓದಿನ ದಿನ ಎಂದು ಮಾಡಿದರು. ಎಂಟನೆಯವರ ತಾಯಂದಿರು ಬಂದು, ಮಗು ಆರಿಸಿದ ಪುಸ್ತಕವನ್ನು ತಾವೂ ಓದಿ, ಮಗುವಿನ ಜೊತೆ ನಿಂತು ನಾಲ್ಕು ಮಾತು ಆಡಬೇಕು. ಮಗಳು ಐದನೆಯ ಸಂಪುಟವನ್ನು ತಂದು ಕಟ್ಟೆಯ ಮೇಲಿಟ್ಟಳು.

"ಮಮ್ಮಿ, ನೀ ಜಾಸ್ತಿ ಏನೂ ಹೇಳಬ್ಯಾಡ. ಚಲೋ ಐತಿ ಅನ್ನು, ಸಾಕು."

"ಓದದನ ಹ್ಯಾಂಗ ಅನ್ನಲಿ?"

"ಓದು. ಓದಿ ಚಲೋ ಐತಿ ಅನ್ನು. ಅವರಿಬ್ಬರೂ ಮುಂದಿನ ಬೆಂಚಿನ್ಯಾಗ ಕುಂತಿರ್ತಾರ. ಅವರಿಗೆ ಇದ ಎಲ್ಲಾದ್ರಕಿಂತ ಭಾಳ ಸೇರತೈತಿ."

ಅವಳ ದನಿಯಲ್ಲಿ ಅಂಜಿಕೆಯಿತ್ತು. ನಾನು ಏನಾದರೂ ಎಡವಟ್ಟು ಆಡಿದರೆ ಡಬ್ಬಿಯ ಮುಚ್ಚಳ ಮತ್ತೆ ಮೊದಲಿನಂತಾಗುತ್ತದೆ ಎಂದು ನನಗೂ ಗೊತ್ತಿತ್ತು. ಆಯಿತು ಎಂದೆ. ಅದೇನು ನನಗೆ ಕಷ್ಟವೂ ಆಗಿರಲಿಲ್ಲ. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದೇ ಅದು. ಯಾವ ಪುಸ್ತಕವನ್ನಾದರೂ ಓದಿ ಎದ್ದು ನಿಂತರೆ ಮೂರು ಒಳ್ಳೆಯ ಮಾತು ಹುಡುಕಿ ಹೇಳಬೇಕು, ಬೇರೆಯದು ಏನಾದರೂ ಬಾಯಿಗೆ ಬಂದರೆ ನುಂಗಿಕೊಂಡು ಕೂತುಕೊಳ್ಳಬೇಕು. ನಾನು ಹಾಗೆ ನುಂಗಿಕೊಂಡೇ ಬೆಳೆದವಳು. ಬೀಗರ ಮನೆಯ ಅಡುಗೆಗೂ ಮೂರು ಒಳ್ಳೆಯ ಮಾತು ಹೇಳಿ ಏಳುತ್ತೇನೆ.

ಮಧ್ಯಾಹ್ನದ ಕೆಲಸ ಮುಗಿಸಿ ಓದಲು ಕೂತೆ. ಮಂಜಿನ ಗುಡ್ಡಗಳ ಚಿತ್ರಗಳು ಚೆಂದ ಇದ್ದವು. ಆ ನೀಲಿ ಬಣ್ಣವನ್ನು ಇವತ್ತೂ ತೆಗೆದುಹಾಕುವುದಿಲ್ಲ. ಅಲ್ಲಿಗೆ ಒಳ್ಳೆಯ ಮಾತು ಒಂದಾಯಿತು. ಎರಡನೆಯದು ಕೊನೆಯ ಪುಟದ ತನಕ ಸಿಗಲಿಲ್ಲ.

ಆ ಅವ್ವನ ಕೈ ನೋಡಿದೆ. ಹಿಟ್ಟು ನಾದುತ್ತಿದ್ದಾಳೆ ಎಂದು ಬರೆದಿದ್ದಾರೆ. ಬೆರಳುಗಳನ್ನೆಲ್ಲ ನೆಟ್ಟಗೆ ಚಾಚಿ, ಹಾರ್ಮೋನಿಯಂ ಮೇಲೆ ಇಟ್ಟ ಹಾಗೆ ಇಟ್ಟಿದ್ದಾಳೆ. ಹಾಗೆ ನಾದಿದರೆ ಯಾವ ಹಿಟ್ಟೂ ಒಂದುಗೂಡುವುದಿಲ್ಲ. ಉಗುರಿನ ಸಂದಿಯಲ್ಲಿ ಚೂರು ಹಿಟ್ಟಿಲ್ಲ. ಇಡೀ ದಿನ ಒಲೆಯ ಮುಂದಿರುವವಳ ಏಪ್ರನ್ನಿನ ಮೇಲೆ ಒಂದು ಕಲೆಯಿಲ್ಲ. ಒಂದು ಚಿತ್ರದಲ್ಲಿ ಸೌಟು ಬಲಗೈಯಲ್ಲಿದೆ, ಮುಂದಿನದರಲ್ಲಿ ಎಡಗೈಗೆ ಬಂದಿದೆ. ಬಾಗಿಲಿಗೆ ಬಂದಾಗ ಹೊದ್ದಿದ್ದ ಶಾಲು ಒಳಗೆ ಹೋಗುವಷ್ಟರಲ್ಲಿ ಮಾಯ. ಮಗಳ ಜಡೆ ನಾಲ್ಕು ಸಂಪುಟಗಳಿಂದ ಬಿಚ್ಚಿಲ್ಲ, ಎಣ್ಣೆ ಕಂಡಿಲ್ಲ. ವರ್ಷಗಟ್ಟಲೆ ಮನೆ ಬಿಟ್ಟಿದ್ದ ಮಗಳು ಬಂದರೆ ಯಾವ ಅವ್ವನ ಕೈಯಾದರೂ ಮೊದಲು ಹೋಗುವುದು ಅವಳ ತಲೆಗೆ. ಈ ಅವ್ವ ಅದನ್ನು ಬಿಟ್ಟು ಗೋಡೆಯೊಳಗಿಂದ ಒಂದು ನಕಾಶೆ ತೆಗೆದು ಕೊಟ್ಟು, ಮೂರು ಸಾಲು ಬುದ್ಧಿಮಾತು ಹೇಳಿ, ದೊರೆಯ ಸೈನಿಕನ ಬಾಣಕ್ಕೆ ಎದೆಕೊಟ್ಟು ಸಾಯುತ್ತಾಳೆ. ಸಾಯುವುದು ಮೂರು ಚಿತ್ರಗಳಲ್ಲಿ. ಕಣ್ಣು, ಕೈ, ಬರಿದಾದ ಬಾಗಿಲು. ಪುಟ ತಿರುಗಿಸಿದರೆ ಮಗಳು, ಗೆಳೆಯರು ಅದೇ ಮನೆಯ ಒಳಗೆ ಕೂತು ಬಟ್ಟಲಲ್ಲಿ ಬಿಸಿಬಿಸಿ ಸಾರು ಕುಡಿಯುತ್ತ ಮುಂದಿನ ಯುದ್ಧದ ಹಂಚಿಕೆ ಹಾಕುತ್ತಿರುತ್ತಾರೆ.

ಶಾಲೆಯಿಂದ ಬಂದ ಮಗಳನ್ನು ಕೇಳಿದೆ, "ಅವ್ವನ್ನ ಯಾಕ ಕೊಂದ್ರು?"

ಅವಳು ಬ್ಯಾಗು ಇಳಿಸುತ್ತ ಹೇಳಿದಳು, "ಆಕಿದು ಕತಿಯೊಳಗ ಬ್ಯಾರೆ ಏನೂ ಕೆಲಸ ಇರಲಿಲ್ಲಲ್ಲ ಮಮ್ಮಿ. ನಕಾಶಿ ಕೊಟ್ಟಳು, ಮುಗೀತು."

ನಾನು ಅವಳ ಚಹಾ ಸೋಸುತ್ತಿದ್ದೆ. ಸೋಸಿ ಕೊಟ್ಟೆ. ಮರುದಿನ ಪುಸ್ತಕವನ್ನು ಎರಡನೆಯ ಸಲ ಓದಿದೆ, ನನ್ನದೇ ತಪ್ಪಿರಬಹುದು ಎಂದು. ತಪ್ಪು ನನ್ನದಾಗಿರಲಿಲ್ಲ.

ಅವತ್ತು ಅತ್ತೆ ಪಡಸಾಲೆಯಲ್ಲಿ ಹೆಸರುಕಾಳು ಹಸನು ಮಾಡುತ್ತ ಕೂತಿದ್ದರು. ಅವರ ತವರು ಹೊಳೆಯ ದಂಡೆಯ ಮೆಣಸಗಿ. ಓದು ಬರಹ ಇಲ್ಲ. ನಾನು ಎರಡು ದಿನದಿಂದ ಹಿಡಿದುಕೊಂಡು ಕೂತಿರುವುದು ಏನೆಂದು ಅವರಿಗೂ ಕುತೂಹಲ. ಕೈ ಸೆರಗಿಗೆ ಒರೆಸಿಕೊಂಡು, "ತಾ ಇಲ್ಲೆ," ಎಂದರು. ಪುಟಗಳನ್ನು ಹೂವಿನ ಮಾಲೆ ಬಿಡಿಸಿದ ಹಾಗೆ ತಿರುವಿದರು.

"ಯಾರಿಕಿ?"

"ಆ ಹುಡಿಗಿ ಅವ್ವರೀ ಅತ್ತಿ."

"ಏನಾತ ಆಕಿಗೆ?"

"ಸತ್ತಳ್ರಿ."

"ಯಾವಾಗ?"

"ಈಗ, ಈ ಹಾಳ್ಯಾಗ."

ಮುಂದಿನ ಪುಟ ತಿರುವಿದರು. ಸಾರು ಕುಡಿಯುವ ಚಿತ್ರದ ಮೇಲ್ಗಡೆ, ಗುಡ್ಡದ ಮೇಲಿಂದ ಊರು ಕಾಣುವ ಒಂದು ದೊಡ್ಡ ಚಿತ್ರ, ನಡುವೆ ಅವಳ ಮನೆ.

"ಇದು?"

"ಅದ ದಿವಸ ಸಂಜಿಕೆ."

"ಅದ ಮನಿ?"

"ಹೌದ್ರಿ."

ಅತ್ತೆ ಚಸ್ಮಾವನ್ನು ಮೂಗಿನ ಮೇಲಕ್ಕೆ ತಳ್ಳಿಕೊಂಡು ಚಿತ್ರವನ್ನು ಹತ್ತಿರ ಹಿಡಿದರು. "ಮತ್ತ ಹೊಗಿ ಯಾಕ ಬರಾಕತ್ತೈತಿ? ಹೆಣ ಹೋದ ಮನ್ಯಾಗ ಒಲಿ ಯಾಂವ ಹೊತ್ತಿಸಿದಾ?"

ಎರಡು ಸಲ ಓದಿದ ನನಗೆ ಅದು ಕಂಡಿರಲಿಲ್ಲ. ಮಾಡಿನ ಕೊಳವೆಯಿಂದ ಹೊಗೆ ಸುರುಳಿಯಾಗಿ ಏಳುತ್ತಿತ್ತು. ಚೆಂದ ಕಾಣಲೆಂದು ಬರೆದಿರಬೇಕು. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಮಣ್ಣು ಮಾಡಿ ಬರುವಷ್ಟರಲ್ಲಿ ಓಣಿಯವರೋ ಬೀಗರೋ ರೊಟ್ಟಿ, ಝುಣಕ, ಅನ್ನ, ಸಾರು ಹೊತ್ತು ತಂದಿರುತ್ತಾರೆ. ಉಣ್ಣಲಾರೆ ಎಂದವರಿಗೆ ಕಲಸಿ ಕೈಗೆ ಕೊಡುತ್ತಾರೆ. ಬೆಳವಣಕಿಯಲ್ಲಿ ನಮ್ಮ ದೊಡ್ಡಮ್ಮ ತೀರಿಕೊಂಡಾಗ, ಅವರ ಹತ್ತಿರ ಆರು ವರ್ಷ ಮಾತು ಬಿಟ್ಟಿದ್ದ ಪಕ್ಕದ ಮನೆಯಾಕೆ ಬುಟ್ಟಿ ತುಂಬ ಬಿಸಿರೊಟ್ಟಿ ತಂದು ಕಟ್ಟೆಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೋಗಿದ್ದಳು.

ಅತ್ತೆಗೆ ಚಿತ್ರದವರ ಮೇಲೆ ಸಿಟ್ಟೇ ಬಂತು. "ಇಷ್ಟ ಮನಿ ಅದಾವ. ಒಂದ ಮನಿ ಹೆಣ್ಣಮಗಳೂ ಬುಟ್ಟಿ ಹೊತ್ಕೊಂಡ ಬರಲಿಲ್ಲೇನ? ಎಂಥಾ ಊರ ಇದು?" ಆಮೇಲೆ ಅಂದರು, "ನಮ್ಮೂರಿಗೆ ಹೊಳಿ ಬಂದಾಗ ಎಲ್ಲಾರೂ ಎತ್ತರದಾಗ ಸಾಲ್ಯಾಗ ಇದ್ವಿ. ನೀರ ಇಳದ ಮ್ಯಾಲ ಯಾರ ಮನಿ ಬೆಳಕಿಂಡ್ಯಾಗಿಂದ ಹೊಗಿ ಬಂತು, ಆ ಮನಿ ಹೆಣ್ಣಮಗಳು ಹೊಳ್ಳಿ ಬಂದಳು ಅಂತ ತಿಳ್ಕೊತಿದ್ವಿ. ಹೊಗಿ ಸುಮ್ಮಸುಮ್ಮನ ಬರೂದಿಲ್ಲವಾ."

ಮೂರನೆಯ ಸಲ ಓದಿದ್ದು ಆಗ. ಊರಿನ ಮನೆಗಳನ್ನು ಎಣಿಸಿದೆ. ಮೂವತ್ತೊಂದು ಮಾಡುಗಳು. ಮೂವತ್ತೊಂದು ಮನೆಯಿಂದ ಒಬ್ಬರೂ ಬಾಗಿಲು ದಾಟಿಲ್ಲ. ಸತ್ತವಳನ್ನು ಎಲ್ಲಿ ಮಲಗಿಸಿದರು, ಯಾರು ತೊಳೆದರು, ಯಾರು ಹೊತ್ತರು, ಒಂದು ಚಿತ್ರವಿಲ್ಲ. ಸಾರು ಮಾತ್ರ ಉಂಟು, ಅದರ ಮೇಲೆ ಏಳುವ ಹಬೆಯನ್ನು ಗೆರೆಗೆರೆಯಾಗಿ ಬಿಡಿಸಿದ್ದಾರೆ. ಆ ಸಾರು ಮಾಡಿದವರು ಯಾರು? ಅವ್ವನೇ ಮಾಡಿಟ್ಟಿದ್ದಿರಬೇಕು. ಅವಳ ಹೆಣ ಎಲ್ಲಿದೆಯೋ, ಅವಳು ಮಾಡಿದ್ದನ್ನು ಕಾಸಿಕೊಂಡು ಕುಡಿಯುತ್ತಿದ್ದಾರೆ. ಬರೆದವರಿಗೆ ಅದು ಗೊತ್ತೂ ಇಲ್ಲ. ಅಡುಗೆ ತಾನಾಗಿಯೇ ಆಗಿರುತ್ತದೆ ಎಂದುಕೊಂಡು ಬೆಳೆದವರು ಬರೆದ ಪುಸ್ತಕ ಅದು.

ಓದಿನ ದಿನ ಹೊಸ ಸೀರೆ ಉಟ್ಟುಕೊಂಡು ಬಸ್ಸಿಗೆ ಹೋದೆ. ದೊಡ್ಡ ಕೋಣೆಯೊಂದರಲ್ಲಿ ಬೆಂಚು ಹಾಕಿದ್ದರು. ಬೇರೆ ತಾಯಂದಿರು ಎಲ್ಲರೂ ಒಂದೇ ಥರ ಹೇಳಿದರು, ಪುಸ್ತಕ ಚೆನ್ನಾಗಿದೆ, ನೀತಿ ಇದೆ, ಮಕ್ಕಳು ಓದಬೇಕು. ನಮ್ಮ ಸರದಿ ಬಂತು. ಮಗಳು ಕಥೆ ಹೇಳಿದಳು. ನಾನು ನನ್ನ ಕಾನ್ವೆಂಟಿನ ಇಂಗ್ಲಿಷಿನಲ್ಲಿ ಬಣ್ಣ ಚೆಂದ ಇದೆ ಎಂದೆ, ಹುಡುಗಿ ಧೈರ್ಯದವಳು ಎಂದೆ, ಗೆಳೆತನದ ಬಗ್ಗೆ ಕಲಿಯುವುದಿದೆ ಎಂದೆ. ಮೂರಾಯಿತು. ಮಗಳ ಭುಜ ಸಡಿಲವಾದದ್ದು ಪಕ್ಕದಲ್ಲಿ ನಿಂತಿದ್ದ ನನಗೆ ತಿಳಿಯಿತು.

ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಕ್ಲಾಸ್ ಟೀಚರು ನಗುತ್ತ ಕೇಳಿದರು, "ನಿಮಗ ಸೇರಲಾರದ್ದು ಏನರ ಇತ್ತೇನ್ರಿ ಮೇಡಮ್?"

ಹೀಗೆ ಯಾರೂ ನನ್ನನ್ನು ಯಾವತ್ತೂ ಕೇಳಿರಲಿಲ್ಲ. ಬಾಯಿ ತೆರೆದಾಗ ಬಂದದ್ದು ನಮ್ಮ ರೋಣದ ಮಾತು.

"ಇತ್ರಿ. ಈ ಪುಸ್ತಕದಾಗ ಅವ್ವ ಸಾಯ್ತಾಳ. ಸತ್ತ ದಿವಸಾನ ಸಂಜಿಕೆ ಮಗಳು ಅದ ಮನ್ಯಾಗ ಕುಂತು ಸಾರು ಕುಡೀತಾಳ. ಊರಾಗ ಮೂವತ್ತೊಂದ ಮನಿ ಅದಾವ, ಒಬ್ಬರೂ ಬರೂದಿಲ್ಲ. ಅವ್ವನ ಮನಿ ಮಾಡಿನ ಮ್ಯಾಲ ಹೊಗಿ ಏಳಾಕತ್ತೈತಿ. ನಮ್ಮ ಕಡೆ ಹೆಣ ಹೋದ ಮನ್ಯಾಗ ಅವತ್ತ ಒಲಿ ಹೊತ್ತೂದಿಲ್ರಿ. ಹೊತ್ತೇತಿ ಅಂದ್ರ ಒಂದೋ ಆ ಮನ್ಯಾಗ ಇರೂ ಮಂದಿಗೆ ನಾಚಿಕಿ ಇಲ್ಲ, ಇಲ್ಲಂದ್ರ ಆ ಹೆಣ್ಣಮಗಳು ಸತ್ತೇ ಇಲ್ಲ."

ಬೈಗುಳವಾಗಿಯೇ ಹೇಳಿದ್ದೆ. ಮಗಳು ನೆಲ ನೋಡುತ್ತಿದ್ದಳು, ಕಿವಿ ಕೆಂಪಾಗಿದ್ದವು. ನಾನು ಏನು ಮಾಡಿದೆ ಎಂದು ಆಗ ಹೊಳೆಯಿತು.

ಮುಂದಿನ ಬೆಂಚಿನಿಂದ ಲೆಕ್ಚರರ್ ಮಗಳು ಎದ್ದು ನಿಂತಳು. "ಆಂಟಿ, ಹಂಗಾದ್ರ ಆಕಿ ಸತ್ತಿಲ್ಲೇನ್ರಿ?"

"ಖರೇನ ಹೊಗಿ ಐತಿ," ಎಂದು ಸೀರೆಯವರ ಮಗಳು ಪುಸ್ತಕ ಎಳೆದುಕೊಂಡಳು. ಹಿಂದಿನ ಬೆಂಚುಗಳಿಂದ ನಾಲ್ಕು ತಲೆಗಳು ಅದರ ಮೇಲೆ ಬಾಗಿದವು. ಎಲ್ಲಿ, ನೋಡೂಣು, ಹೌದಲೇ ಎಂದು ಗದ್ದಲವಾಯಿತು. ಯಾರೋ ನನ್ನ ಮಗಳ ಭುಜ ಹಿಡಿದು ಅಲ್ಲಾಡಿಸಿ, "ನಿಮ್ಮ ಮಮ್ಮಿ ಹ್ಯಾಂಗ ಕಂಡ ಹಿಡಿದ್ರಲೇ?" ಎಂದು ಕೇಳಿದರು. ಮಗಳು ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಆ ಶಾಲೆಗೆ ಸೇರಿದ ಮೇಲೆ ನಾನು ಕಾಣದಿದ್ದ ಒಂದು ಹಿಗ್ಗು ಇತ್ತು.

ಹಾಗಲ್ಲವಾ, ಬರೆದವರಿಗೆ ತಿಳಿವಳಿಕೆ ಇಲ್ಲ ಅಂತ ನಾ ಹೇಳಿದ್ದು, ಎಂದು ಆಗಲೇ ಹೇಳಬೇಕಿತ್ತು. ನಾನು ಹೇಳಿದ್ದು ಬೇರೆ. "ನೀವ ನೋಡ್ರಿ ಮತ್ತ. ಹೊಗಿ ಅಂತೂ ಐತಿ."

ಅಲ್ಲಿಂದ ಎರಡು ತಿಂಗಳು ರವಿವಾರ ರವಿವಾರ ಇಬ್ಬರೂ ಗೆಳತಿಯರು ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ನಾನು ಗಿರಮಿಟ್ಟು ಕಲಸುತ್ತಿದ್ದೆ, ಮಿರ್ಚಿ ಕರಿಯುತ್ತಿದ್ದೆ, ಅವರು ಅಡುಗೆಮನೆಯ ನೆಲದ ಮೇಲೇ ಸಂಪುಟಗಳನ್ನು ಹರವಿಕೊಂಡು ಕೂರುತ್ತಿದ್ದರು. "ಆಂಟಿ, ಇನ್ನೇನ ಕಾಣತೈತಿ ನೋಡ್ರಿ," ಎನ್ನುತ್ತಿದ್ದರು. ನಾನು ಸಿಟ್ಟಿನಿಂದ ಕಂಡಿದ್ದ ತಪ್ಪುಗಳನ್ನೆಲ್ಲ ಒಂದೊಂದಾಗಿ ಅವರ ಮುಂದಿಟ್ಟೆ, ಆದರೆ ತಪ್ಪು ಎಂದು ಹೇಳಲಿಲ್ಲ. ಸೌಟು ಬಲಗೈಯಿಂದ ಎಡಗೈಗೆ ಯಾಕೆ ಬಂತು ಎಂದು ಕೇಳಿದೆ.

"ಬ್ಯಾರೆ ಹೆಂಗಸು ಇರಬೇಕು," ಎಂದಳು ಲೆಕ್ಚರರ್ ಮಗಳು, ಬಾಯಿತುಂಬ ಗಿರಮಿಟ್ಟು ಇಟ್ಟುಕೊಂಡು.

"ಅವಳಿ ಜವಳಿ," ಎಂದಳು ಸೀರೆಯವರ ಮಗಳು.

"ಹಂಗಾದ್ರ ಸತ್ತಾಕಿ ಯಾಕಿ?"

ಮೂವರೂ ನನ್ನ ಕಡೆ ತಿರುಗಿದರು. ನಾನು ಮಿರ್ಚಿ ಹೊರಳಿಸುತ್ತ, "ಶಾಲು ಎಲ್ಲಿ ಹೋತು ಅಂತ ನೋಡ್ರಿ, ತಿಳೀತೈತಿ," ಎಂದೆ. ಅವರ ಕಣ್ಣು ಅಗಲವಾದವು. ಕಲೆಯಿಲ್ಲದ ಏಪ್ರನ್ನು, ನಾದಲು ಬಾರದ ಕೈ, ಎಲ್ಲವೂ ಗುಟ್ಟುಗಳಾದವು. ಆಕೆ ಅಡುಗೆಯವಳೇ ಅಲ್ಲ, ಅವ್ವನ ವೇಷದಲ್ಲಿದ್ದ ಯಾರೋ, ನಿಜವಾದ ಅವ್ವ ಒಳಗೆ ಒಲೆಯ ಮುಂದೆ ಅಡಗಿದ್ದಾಳೆ, ಅದಕ್ಕೇ ಹೊಗೆ. ಬರೆದವರ ಅಡ್ಡಾದಿಡ್ಡಿ ಕೆಲಸವನ್ನೆಲ್ಲ ನಾನೇ ಅವರ ಜಾಣತನವಾಗಿ ತಿರುಗಿಸಿಕೊಟ್ಟೆ. ನನಗೆ ಆ ಪುಸ್ತಕದ ಮೇಲೆ ಚೂರೂ ಪ್ರೀತಿ ಹುಟ್ಟಿರಲಿಲ್ಲ. ಆದರೆ ಅಷ್ಟು ವರ್ಷ ನಾನು ಕಣ್ಣಿಟ್ಟು ನೋಡಿ ನುಂಗಿಕೊಂಡದ್ದಕ್ಕೆ ಮೊದಲ ಸಲ ಕೇಳುವವರು ಸಿಕ್ಕಿದ್ದರು. ಅದು ನನಗೆ ಹಿಡಿಸಿತ್ತು, ಸುಳ್ಳು ಯಾಕೆ ಹೇಳಲಿ.

ಮಗಳು ಎಲ್ಲವನ್ನೂ ಉದ್ದನೆಯ ನೋಟಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ವಾರದ ನಡುವೆಯೂ ಬಂದು ನನ್ನ ಪಕ್ಕ ಕೂತು, ಅವಳೇ ಒಂದೆರಡು ಗುರುತು ತೋರಿಸುತ್ತಿದ್ದಳು.

ಅತ್ತೆ ಒಬ್ಬರೇ ಇದ್ದಾಗ ನನ್ನನ್ನು ಕೇಳಿದರು, "ಆ ಹೆಣ್ಣಮಗಳು ಬದುಕ್ಯಾಳೇನ ಖರೇ?"

"ಯಾರಿಗೆ ಗೊತ್ರಿ ಅತ್ತಿ."

"ನಿನಗ ಗೊತ್ತೈತಿ. ನಾ ಅಂದದ್ದ ಬ್ಯಾರೆ, ನೀ ಈ ಹುಡಿಗ್ಯಾರ ಮುಂದ ಮಾಡಾಕತ್ತಿದ್ದ ಬ್ಯಾರೆ. ನೋಡವಾ."

ನಾನು ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕೂತೆ.

ಆರನೆಯ ಸಂಪುಟ ಬಂತು. ಸೀರೆಯವರ ಮಗಳು ಅದನ್ನು ಶಾಲೆಗೆ ತಂದು ಊಟದ ಬಿಡುವಿನಲ್ಲಿ ಎಲ್ಲರ ಮುಂದೆ ತೆರೆದಳಂತೆ. ಮೊದಲ ಪುಟದಲ್ಲೇ ಗೋರಿ. ಕಲ್ಲಿನ ಮೇಲೆ ಅವ್ವನ ಹೆಸರು, ಮುಂದೆ ಮಂಡಿಯೂರಿದ ಮಗಳು. ಅವಳಿ ಇಲ್ಲ, ವೇಷ ಇಲ್ಲ, ಒಲೆಯ ಮುಂದೆ ಅಡಗಿದ್ದವಳೂ ಇಲ್ಲ. ನೂರಿಪ್ಪತ್ತು ಪುಟಗಳಲ್ಲಿ ಅವ್ವನ ಮಾತು ಇನ್ನೊಂದು ಸಲ ಬರುವುದಿಲ್ಲ.

ಅವ್ವ ಬದುಕಿದ್ದಾಳೆ ಎಂದು ಈ ಮೂವರು ಎರಡು ತಿಂಗಳು ಇಡೀ ಎಂಟನೆಯ ಇಯತ್ತೆಗೆ ಸಾರಿದ್ದರು. ಈಗ ಇಡೀ ಇಯತ್ತೆ ನಕ್ಕಿತು. ನಗೆಪಾಟಲಾದ ಲೆಕ್ಚರರ್ ಮಗಳು ನನ್ನ ಮಗಳ ಕಡೆ ತಿರುಗಿ, "ನಿಮ್ಮ ಮಮ್ಮಿ ಬರೇ ಪುಂಗಿ ಬಿಟ್ಟಾರ. ನಿನಗ ಮೊದಲ ಗೊತ್ತಿತ್ತು, ನಮ್ಮನ್ನ ಮಂಗ್ಯಾ ಮಾಡೀರಿ," ಎಂದಳಂತೆ. ಹಿಂದಿನ ಬೆಂಚಿನವರು ನನ್ನ ಮಗಳಿಗೆ 'ಹೊಗಿ' ಎಂದು ಹೆಸರಿಟ್ಟರು. ಇದನ್ನೆಲ್ಲ ನಾನು ತಿಳಿದದ್ದು ಆಮೇಲೆ. ಅವತ್ತು ಸಂಜೆ ಅವಳು ಬಸ್ಸಿನಿಂದ ಇಳಿದು ಬಂದವಳು ಚಪ್ಪಲಿ ಕಳಚದೆ ಅಡುಗೆಮನೆಯ ಬಾಗಿಲಿಗೆ ನಿಂತಳು.

"ಮಮ್ಮಿ, ಖರೇ ಹೇಳು. ಆಕಿ ಬದುಕ್ಯಾಳ ಅಂತ ನಿನಗ ಅನಿಸಿತ್ತೇನು?"

"ಏನಾತು?"

"ನಾ ಕೇಳಿದ್ದಕ್ಕ ಹೇಳು."

ನಾನು ಗ್ಯಾಸು ಆರಿಸಿದೆ. "ಇಲ್ಲ."

"ಒಂದ ದಿನಾನೂ?"

"ಇಲ್ಲವಾ."

"ಮತ್ತ ಯಾಕ ಹಂಗೆಲ್ಲಾ ಹೇಳಿದಿ?"

"ಅವರು ಬರ್ತಿದ್ರಲ್ಲ. ನೀ ನಗತಿದ್ದಿ."

ಅವಳು ಬಾಗಿಲ ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದಳು. "ನನಗ ಅನಿಸಿತ್ತು," ಎಂದಳು. "ನೀ ಹೇಳಿದ ಮ್ಯಾಲ ನನಗ ಪಕ್ಕಾ ಅನಿಸಿತ್ತು. ಆಕಿ ಬರ್ತಾಳ ಅಂತ ನಾ ದಿನಾ ಕಾಯಾಕತ್ತಿದ್ದೆ."

ನಕಾಶೆ ಕೊಟ್ಟಳು, ಮುಗಿಯಿತು ಎಂದಿದ್ದ ಹುಡುಗಿ ಇವಳೇ. ಅವಳೇ ಅವ್ವನಿಗಾಗಿ ಎರಡು ತಿಂಗಳು ಕಾದಿದ್ದಳು, ನಾನು ಕಾಯಿಸಿದ್ದೆ. ಆ ಪುಸ್ತಕದವರು ತಿಳಿಯದೆ ಎಬ್ಬಿಸಿದ ಸುಳ್ಳು ಹೊಗೆಯನ್ನು ನಾನು ತಿಳಿದೂ ತಿಳಿದೂ ಎಬ್ಬಿಸಿದ್ದೆ. ತಪ್ಪಾಯಿತು ಎಂದೆ. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಅವಳ ಡೈರಿಯಲ್ಲಿದ್ದ ಗೆಳತಿಯರ ನಂಬರುಗಳಿಗೆ ಫೋನು ಹಚ್ಚಿದೆ. ಇಬ್ಬರಿಗೂ ಒಂದೇ ಮಾತು ಹೇಳಿದೆ. "ಸುಳ್ಳ ಹೇಳಿದ್ದು ನಾನವಾ. ನನ್ನ ಮಗಳಿಗೆ ಏನೂ ಗೊತ್ತಿರಲಿಲ್ಲ. ನಿಮ್ಮಂಗ ಆಕಿನೂ ನಂಬಿದ್ದಳು." ಸೀರೆಯವರ ಮಗಳು, "ಶಾಲಿಂದೂ ಸುಳ್ಳೇನ್ರಿ ಆಂಟಿ?" ಎಂದು ಕೇಳಿದಳು. ಶಾಲಿನದೂ ಸುಳ್ಳು ಎಂದೆ. ಲೆಕ್ಚರರ್ ಮಗಳು, "ಗೊತ್ತಾತ್ರಿ," ಎಂದು ಇಟ್ಟುಬಿಟ್ಟಳು. ಅವಳು ಇವತ್ತಿಗೂ ನಮ್ಮ ಮನೆಗೆ ಬಂದಿಲ್ಲ. ಅವಳದು ತಪ್ಪೆನ್ನಲಾರೆ.

ಎಂಟು ಹತ್ತು ದಿನ ಮಗಳು ನನ್ನ ಹತ್ತಿರ ಬೇಕಾದಷ್ಟೇ ಮಾತಾಡಿದಳು. ಊಟ ಬೇಕು, ಬೇಡ. ಸಾಕ್ಸು ಎಲ್ಲಿ. ಆಮೇಲೊಂದು ಮಂಗಳವಾರ ಅವಳು ಖಾಕಿ ಹೊದಿಕೆಯ ಆರನೆಯ ಸಂಪುಟವನ್ನು ತಂದು ಕಟ್ಟೆಯ ಮೇಲೆ ಇಟ್ಟಳು. ಸೀರೆಯವರ ಮಗಳು ಕರಾರು ಮುರಿದಿರಲಿಲ್ಲ, ಇವಳ ಮೂರು ದಿನ ಇವಳಿಗೆ ಕೊಟ್ಟಿದ್ದಳು.

"ಶುಕ್ರವಾರ ವಾಪಸ್ ಕೊಡಬೇಕು. ಓದು."

"ನಾ ಯಾಕ ಓದಲಿ?"

"ಓದು. ಈ ಸಲ ಇದ್ದದ್ದ ಹೇಳು. ಚಲೋ ಐತಿ ಅನಬ್ಯಾಡ, ಗುಟ್ಟೈತಿ ಅಂತನೂ ಅನಬ್ಯಾಡ."

ಗುರುವಾರದ ತನಕ ಓದಿದೆ. ಐದನೆಯದಕ್ಕಿಂತ ಕೆಟ್ಟದಾಗಿತ್ತು. ಶಾಲೆಯಿಂದ ಬಂದವಳು ಕೈಕಾಲು ತೊಳೆದುಕೊಂಡು, ಒಂದು ಸ್ಟೂಲು ಎಳೆದು ನನ್ನ ಎದುರಿಗೆ ಕೂತಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಮುಖ ಇನ್ನೂ ಬಿಗಿಯಾಗಿಯೇ ಇತ್ತು.

"ಹ್ಯಾಂಗೈತಿ?"

"ಭಾಳ ಕೆಟ್ಟೈತಿ."

"ಎಲ್ಲಿಂದ?"

"ಮೊದಲನೇ ಹಾಳಿಯಿಂದ. ಮಂಡಿ ಊರಿ ಕುಂತಾಳಲ್ಲ, ಅವ್ವ ಸತ್ತ ಮ್ಯಾಲ ಆಕಿ ಒಂದ ಸಲಾನೂ ಅತ್ತಿಲ್ಲ. ಆ ಬರದವಗ ಆಕಿನ್ನ ಅಳಸಾಕ ಅಂಜಿಕಿ."

ಅವಳು ಪುಸ್ತಕವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಆ ಪುಟವನ್ನು ತೆಗೆದಳು. ಬಹಳ ಹೊತ್ತು ನೋಡಿದಳು.

"ಹೌದು," ಎಂದಳು. "ಮುಂದ ಹೇಳು."